ಹದಿನಾರು ವರ್ಷ ಸುದ್ದಿ ಬರೆದಿದ್ದೇನೆ, ಈಗ ಮೇಷ್ಟ್ರಾಗಬಹುದಾ?

ಪ್ರಶ್ನೆ: "ಸರ್, ನನಗೆ 39 ವರ್ಷ. ಹಾವೇರಿ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ 16 ವರ್ಷದಿಂದ ಪತ್ರಿಕೆಯೊಂದಕ್ಕೆ ಅರೆಕಾಲಿಕ ವರದಿಗಾರ. ಗೌರವಧನ ಅಂತ ತಿಂಗಳಿಗೆ ಆರೂವರೆ ಸಾವಿರ ಬರುತ್ತದೆ, ಉಳಿದದ್ದು ಜಾಹೀರಾತು ಕಮಿಷನ್. ಈ ಸಲ ಆಗಸ್ಟ್ 15ರ ಪುರವಣಿಗೆ ಟಾರ್ಗೆಟ್ ಮುಟ್ಟಲಿಲ್ಲ ಅಂತ ಬೈಸಿಕೊಂಡೆ. ಇಬ್ಬರು ಮಕ್ಕಳು, ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುತ್ತಾಳೆ. ನಮ್ಮೂರ ಪದವಿ ಕಾಲೇಜಿನ ಪ್ರಿನ್ಸಿಪಾಲರು ಪರಿಚಯ. 'ನಿಮಗೆ ಇಷ್ಟು ಅನುಭವ ಇದೆ, ಬಂದು ಪತ್ರಿಕೋದ್ಯಮ ಪಾಠ ಮಾಡಿ, ಅತಿಥಿ ಉಪನ್ಯಾಸಕರಾಗಿ ಸೇರಿಸಿಕೊಳ್ಳೋಣ, ಮುಂದೆ ಪರ್ಮನೆಂಟ್ ಆಗಬಹುದು' ಅಂತಾರೆ. ನನ್ನದು ಕನ್ನಡ ಎಂಎ, 58 ಪರ್ಸೆಂಟ್. ಇಂಗ್ಲಿಷ್ ಅಷ್ಟಕ್ಕಷ್ಟೆ. ಉಪನ್ಯಾಸಕರ ಅರ್ಹತಾ ಪರೀಕ್ಷೆ ನೆಟ್ ಬರೆದಿಲ್ಲ. ಪತ್ರಿಕೆಗೆ ರಾಜೀನಾಮೆ ಕೊಟ್ಟುಬಿಡಲಾ? ಈ ವಯಸ್ಸಿನಲ್ಲಿ ಇದು ಆಗುವ ಮಾತಾ? ನನಗೆ ಪಾಠ ಮಾಡೋಕೆ ಬರುತ್ತೋ ಇಲ್ಲವೋ ಅಂತ ತಿಳ್ಕೊಳ್ಳೋದು ಹೇಗೆ?"

ಉತ್ತರ:

ರಾಜೀನಾಮೆ ಸದ್ಯಕ್ಕೆ ಬೇಡ. ಅಲ್ಲದೆ ನಮ್ಮಂಥ ಅರೆಕಾಲಿಕ ವರದಿಗಾರರಿಗೆ ನೇಮಕಾತಿ ಪತ್ರವೇ ಕೊಟ್ಟಿರುವುದಿಲ್ಲ, ಇನ್ನು ರಾಜೀನಾಮೆ ಯಾರಿಗೆ ಅಂತ ಬರೀತೀರಿ? ನಾನು ಬಿಟ್ಟಾಗ ಒಂದು ಫೋನ್ ಮಾಡಿದ್ದೆ ಅಷ್ಟೆ. ಆ ಕಡೆಯವರು "ಹೌದಾ, ಸರಿ, ಇವತ್ತಿನ ಎಪಿಎಂಸಿ ರೇಟ್ ಕಳಿಸಿಬಿಡಿ" ಅಂದರು. ಹದಿಮೂರು ವರ್ಷದ ಕೆಲಸ ಅಲ್ಲಿಗೆ ಮುಗಿಯಿತು.

ನಾನು ಚಳ್ಳಕೆರೆಯಲ್ಲಿ ವರದಿಗಾರನಾಗಿದ್ದವನು. ಶುರು ಮಾಡಿದ್ದು 1998ರಲ್ಲಿ. ಸುದ್ದಿಯನ್ನು ಬಿಳಿ ಹಾಳೆಯಲ್ಲಿ ಬರೆದು, ಕವರಿಗೆ ಹಾಕಿ, ಸಂಜೆ ಬಸ್‌ಸ್ಟ್ಯಾಂಡಿಗೆ ಓಡಿ ಚಿತ್ರದುರ್ಗದ ಬಸ್ಸಿನ ಡ್ರೈವರ್ ಕೈಗೆ ಕೊಡುತ್ತಿದ್ದ ಕಾಲ. ಆಮೇಲೆ ಫ್ಯಾಕ್ಸ್ ಬಂತು, ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ನುಡಿ ತಂತ್ರಾಂಶ ಬಂತು, ಇಮೇಲ್ ಬಂತು. ನಡುವೆ ದೂರ ಶಿಕ್ಷಣದಲ್ಲಿ ಪತ್ರಿಕೋದ್ಯಮ ಎಂಎ ಮಾಡಿಕೊಂಡೆ, ಮೂರನೇ ಸಲಕ್ಕೆ ಕೆ-ಸೆಟ್, ಅಂದರೆ ಅದೇ ಅರ್ಹತೆಗೆ ರಾಜ್ಯದಲ್ಲಿ ನಡೆಯುವ ಪರೀಕ್ಷೆ, ಪಾಸಾಯಿತು, ಅತಿಥಿ ಉಪನ್ಯಾಸಕನಾಗಿ ಕುಂಟಿಕೊಂಡು ಆಮೇಲೆ ಒಂದು ಅನುದಾನಿತ ಕಾಲೇಜಿಗೆ ಸೇರಿದೆ. ಅಂದರೆ ನೀವು ಈಗ ನಿಂತಿರುವ ಜಾಗ ನನಗೆ ಚೆನ್ನಾಗಿ ಗೊತ್ತು. ಇದನ್ನು ಮೊದಲೇ ಹೇಳಿದ್ದು ಯಾಕಂದರೆ ಮುಂದೆ ಒಂದೆರಡು ಕಡೆ ಸ್ವಲ್ಪ ಖಾರವಾಗಿ ಬರೆದಿದ್ದೇನೆ.

ನೀವು ಕೇಳಿದ್ದರಲ್ಲಿ ಮೂರು ಬೇರೆ ಬೇರೆ ಪ್ರಶ್ನೆ ಸೇರಿಕೊಂಡಿವೆ. ಪತ್ರಿಕೆ ಸಾಕಾಗಿದೆ ಅನ್ನೋದು ಒಂದು. ಕಾಲೇಜಿನ ಕೆಲಸ ಸಿಗುತ್ತಾ ಅನ್ನೋದು ಇನ್ನೊಂದು. ಮೇಷ್ಟ್ರಾಗುವ ಆಸೆ ನಿಜವಾಗಿಯೂ ಇದೆಯಾ ಅನ್ನೋದು ಮೂರನೆಯದು. ಮೊದಲನೆಯದರ ಸಿಟ್ಟಿನಲ್ಲಿ ಎರಡನೆಯದಕ್ಕೆ ಜಿಗಿದರೆ, ಮೂರನೆಯದು ಆಮೇಲೆ ಬಂದು ಕಾಡುತ್ತದೆ.

ಸಾಕಾಗಿದೆ ಅನ್ನೋದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ತಾಲ್ಲೂಕು ವರದಿಗಾರನ ಕೆಲಸ ನಿಂತಿರುವುದೇ ಜಾಹೀರಾತಿನ ಮೇಲೆ. ಗೌರವಧನ ಪೆಟ್ರೋಲಿಗೆ ಸಾಲುವುದಿಲ್ಲ, ಮನೆ ನಡೆಯೋದು ಕಮಿಷನ್‌ನಿಂದ. ಕಮಿಷನ್ ಬರೋದು ಯಾರಿಂದ? ಶಾಸಕರ ಹುಟ್ಟುಹಬ್ಬದ ಪುರವಣಿಯಿಂದ, ಪುರಸಭೆಯಿಂದ, ಸಹಕಾರ ಸಂಘದಿಂದ, ಮಂಡಿ ಸಾಹುಕಾರರಿಂದ. ಅಂದರೆ ಯಾರ ಬಗ್ಗೆ ಬರೆಯಬೇಕೋ ಅವರ ಹತ್ತಿರವೇ ಕೈ ಚಾಚಬೇಕು. 1955ರಲ್ಲೇ ಶ್ರಮಜೀವಿ ಪತ್ರಕರ್ತರಿಗೆ ಕಾಯ್ದೆ ಬಂತು, 2011ರಲ್ಲಿ ಮಜೀಠಿಯಾ ವೇತನ ಮಂಡಳಿಯ ಆದೇಶ ಬಂತು. ಆದರೆ ನೇಮಕಾತಿ ಪತ್ರವೇ ಇಲ್ಲದ ನಮ್ಮ ಮನೆಬಾಗಿಲಿಗೆ ಅದ್ಯಾವುದೂ ಬರಲಿಲ್ಲ. 2020ರ ಕೋವಿಡ್ ಹೊತ್ತಿಗೆ ಪುಟಗಳು ಕಡಿಮೆಯಾದವು, ಜಾಹೀರಾತು ನಿಂತಿತು, ಊರಿನ ಸುದ್ದಿ ಸಂಜೆಯೊಳಗೆ ವಾಟ್ಸಾಪಿನಲ್ಲಿ ಸುತ್ತಿ ಹಳಸಿರುತ್ತದೆ. ನಿಮ್ಮ ಸುಸ್ತು ಸುಮ್ನೆ ಬಂದದ್ದಲ್ಲ.

ಇನ್ನು ಪ್ರಿನ್ಸಿಪಾಲರ ಮಾತು. ಅವರು ಒಳ್ಳೇ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಆ ಒಂದು ವಾಕ್ಯದಲ್ಲಿ ಮೂರು ತಪ್ಪು ತಿಳಿವಳಿಕೆ ಇವೆ.

"ಅನುಭವ ಇದೆ" ಅಂದರಲ್ಲ, ಆ ಅನುಭವಕ್ಕೆ ಸಹಾಯಕ ಪ್ರಾಧ್ಯಾಪಕರ ನೇಮಕಾತಿಯಲ್ಲಿ ಬೆಲೆ ಇಲ್ಲ. ನಿಮ್ಮ ಹದಿನಾರು ವರ್ಷ ಅಲ್ಲಿ ಅರ್ಹತೆಯ ಲೆಕ್ಕಕ್ಕೇ ಬರೋದಿಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದ ಪ್ರಕಾರ ಬೇಕಾದ್ದು ಎಂಎಯಲ್ಲಿ 55 ಪರ್ಸೆಂಟ್ ಮತ್ತು ನೆಟ್ ಅಥವಾ ಸೆಟ್ (ನಮ್ಮ ರಾಜ್ಯದಲ್ಲಿ ಕೆ-ಸೆಟ್). ಪರಿಶಿಷ್ಟರಿಗೆ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗದವರಿಗೆ, ಅಂಗವಿಕಲರಿಗೆ 50 ಸಾಕು. 54.9 ಇದ್ದರೆ ಅದನ್ನು 55 ಅಂತ ಮಾಡಿಕೊಳ್ಳೋಕೆ ಬರಲ್ಲ, ನನ್ನ ಜೊತೆಗಿದ್ದ ಒಬ್ಬರು ಇದರಲ್ಲೇ ಸಿಕ್ಕಿಕೊಂಡರು. ನಿಮ್ಮದು 58, ಆ ಚಿಂತೆ ಇಲ್ಲ.

ಅನುಭವಕ್ಕೇ ಬೆಲೆ ಕೊಡುವ ಒಂದು ದಾರಿ ಇದೆ, ನಿಮಗೂ ಯಾರಾದರೂ ಹೇಳಿಯೇ ಹೇಳ್ತಾರೆ: ಪ್ರೊಫೆಸರ್ ಆಫ್ ಪ್ರಾಕ್ಟೀಸ್. 2022ರಲ್ಲಿ ಯುಜಿಸಿ ತಂದದ್ದು. ಕ್ಷೇತ್ರದಲ್ಲಿ 15 ವರ್ಷ ದುಡಿದಿದ್ದರೆ ನೆಟ್ ಬೇಡ, ಪಿಎಚ್‌ಡಿ ಬೇಡ. ಕೇಳೋಕೆ ನಮಗೇ ಮಾಡಿದ ಹಾಗಿದೆ ಅಲ್ವಾ? ಆದರೆ 15 ವರ್ಷದ ಜೊತೆಗೆ ಹಿರಿಯ ಹುದ್ದೆಯಲ್ಲಿ ಇದ್ದವರಾದರೆ ಒಳ್ಳೇದು ಅಂತಲೂ ಬರೆದಿದ್ದಾರೆ. ಮಂಜೂರಾದ ಹುದ್ದೆಗಳ ಶೇಕಡಾ 10 ಮೀರುವಂತಿಲ್ಲ, ಹೆಚ್ಚೆಂದರೆ ನಾಲ್ಕು ವರ್ಷ. ಈ ಕುರ್ಚಿ ಹಾಕಿದರೂ ದೊಡ್ಡ ಊರಿನ ಸಂಸ್ಥೆಯಲ್ಲಿ ಹಾಕ್ತಾರೆ, ಸಂಪಾದಕರಾಗಿದ್ದವರನ್ನು ಕೂರಿಸ್ತಾರೆ. ತಾಲ್ಲೂಕು ವರದಿಗಾರನನ್ನು ಕರೆದು ಕೂರಿಸಿದ್ದನ್ನು ನಾನಂತೂ ನೋಡಿಲ್ಲ. ಅದನ್ನು ನಂಬಿಕೊಂಡು ಕೂರಬೇಡಿ.

ಎರಡನೆಯದು, "ಸೇರಿಸಿಕೊಳ್ಳೋಣ" ಅನ್ನೋದು. ಅದು ಸರ್ಕಾರಿ ಕಾಲೇಜಾದರೆ ಪ್ರಿನ್ಸಿಪಾಲರ ಕೈಯಲ್ಲಿ ಹೆಚ್ಚೇನೂ ಇಲ್ಲ. ಇಲಾಖೆ ಆನ್‌ಲೈನ್ ಅರ್ಜಿ ಕರೆಯುತ್ತದೆ, ಅಂಕ ಲೆಕ್ಕ ಹಾಕಿ ಕೌನ್ಸೆಲಿಂಗ್ ಮಾಡುತ್ತದೆ, ಅಲ್ಲಿ ನೆಟ್, ಸೆಟ್, ಪಿಎಚ್‌ಡಿ ಇದ್ದವರು ಮುಂದೆ ಹೋಗುತ್ತಾರೆ. ಖಾಸಗಿ ಕಾಲೇಜಾದರೆ ಆಡಳಿತ ಮಂಡಳಿ ಸೇರಿಸಿಕೊಳ್ಳಬಹುದು, ಸಂಬಳ ಅವರು ಹೇಳಿದಷ್ಟು. ಮೊದಲು ಯಾವ ಕಾಲೇಜು, ಯಾರು ದುಡ್ಡು ಕೊಡ್ತಾರೆ ಅಂತ ಅವರನ್ನೇ ನೇರವಾಗಿ ಕೇಳಿ. ಪತ್ರಕರ್ತರು ಊರಿಗೆಲ್ಲ ಪ್ರಶ್ನೆ ಕೇಳ್ತಾರೆ, ತಮ್ಮ ಸಂಬಳದ ವಿಷಯಕ್ಕೆ ಬಂದಾಗ ಮಾತ್ರ ನಾಚಿಕೊಳ್ತಾರೆ!

ಮೂರನೆಯದು "ಮುಂದೆ ಪರ್ಮನೆಂಟ್". ಈ ಮಾತನ್ನು ನಂಬಿ ಕೂದಲು ಬೆಳ್ಳಗೆ ಮಾಡಿಕೊಂಡವರು ಕರ್ನಾಟಕದ ಪದವಿ ಕಾಲೇಜುಗಳಲ್ಲಿ ಸಾವಿರಗಟ್ಟಲೆ ಇದ್ದಾರೆ. ಧರಣಿ ಆಗಿದೆ, ಪಾದಯಾತ್ರೆ ಆಗಿದೆ. ಗೌರವಧನ ಏರಿದ್ದು ನಿಜ. 2022ರ ಜನವರಿಯಲ್ಲಿ 11-13 ಸಾವಿರ ಇದ್ದದ್ದನ್ನು ಅರ್ಹತೆ, ಸೇವೆ ನೋಡಿಕೊಂಡು 26ರಿಂದ 32 ಸಾವಿರಕ್ಕೆ ಏರಿಸಿದರು, 2024ರಲ್ಲಿ ಸೇವೆಯ ವರ್ಷ ನೋಡಿ ಇನ್ನೂ ಐದರಿಂದ ಎಂಟು ಸಾವಿರ ಸೇರಿತು. ಆದರೆ 2022ರಲ್ಲಿ ಜೊತೆಗೆ ಇನ್ನೊಂದು ಆಯಿತು. ಒಬ್ಬರಿಗೆ ವಾರಕ್ಕೆ 15 ಗಂಟೆ ಅಂತ ಮಾಡಿದರು. ಮೊದಲು ಎಂಟು ಹತ್ತು ಗಂಟೆ ಇತ್ತು. ಇಬ್ಬರ ಪಾಠ ಒಬ್ಬರಿಗೆ ಹೋಯಿತು, ಇನ್ನೊಬ್ಬರು ಮನೆಗೆ ಹೋದರು. ಏರಿಕೆಯನ್ನು ಎಲ್ಲ ಪತ್ರಿಕೆಗಳೂ ಮುಖಪುಟದಲ್ಲಿ ಹಾಕಿದವು, ಮನೆಗೆ ಹೋದವರು ಒಳಪುಟದಲ್ಲಿ ಬಂದರು. ಈಚೆಗಂತೂ ಯುಜಿಸಿ ಅರ್ಹತೆ ಇಲ್ಲದವರ ಕುರ್ಚಿಯೇ ಅಲ್ಲಾಡುತ್ತಿದೆ. ನೆಟ್ ಇಲ್ಲದೆ ಈಗ ಒಳಗೆ ಹೋದರೆ, ಮುಚ್ಚುತ್ತಿರುವ ಬಾಗಿಲಿಗೆ ಕೈ ಕೊಟ್ಟ ಹಾಗೆ.

ಈಗ ನಿಮ್ಮ ಪತ್ರದಲ್ಲಿ ನೀವೇ ಗಮನಿಸದ ವಿಷಯಕ್ಕೆ ಬರ್ತೀನಿ. ನಿಮ್ಮದು ಕನ್ನಡ ಎಂಎ. ಎಂಎ ಯಾವ ವಿಷಯದಲ್ಲಿ ಆಗಿದೆಯೋ ನೆಟ್, ಕೆ-ಸೆಟ್ ಅದರಲ್ಲೇ ಬರೆಯೋದು. ಹಾಗಾಗಿ ಇವತ್ತಿನ ಲೆಕ್ಕಕ್ಕೆ ನೀವು ಪತ್ರಿಕೋದ್ಯಮದ ಮೇಷ್ಟ್ರಾಗಲು ಅರ್ಹರಲ್ಲ. ಆದರೆ ಕನ್ನಡ ಮೇಷ್ಟ್ರಾಗೋಕೆ ಒಂದೇ ಒಂದು ಪರೀಕ್ಷೆ ದೂರದಲ್ಲಿದ್ದೀರಿ.

ಇದು ಸಣ್ಣ ವಿಷಯ ಅಲ್ಲ. ಪತ್ರಿಕೋದ್ಯಮ ಅನ್ನೋದು ಬಿಎಯಲ್ಲಿ ಐಚ್ಛಿಕ ವಿಷಯ. ಎಷ್ಟೋ ಕಾಲೇಜುಗಳಲ್ಲಿ ಇಲ್ಲವೇ ಇಲ್ಲ. ಇರುವ ಕಡೆಯೂ ಈ ವರ್ಷ 40 ಮಕ್ಕಳು ತಗೊಂಡರೆ ಮುಂದಿನ ವರ್ಷ ಹನ್ನೊಂದು. ಮಕ್ಕಳು ಕಡಿಮೆಯಾದರೆ ವರ್ಕ್‌ಲೋಡ್, ಅಂದರೆ ಪಾಠದ ಗಂಟೆ, ಇಲ್ಲ, ವರ್ಕ್‌ಲೋಡ್ ಇಲ್ಲದಿದ್ದರೆ ಅತಿಥಿಯೂ ಇಲ್ಲ. ರಾಷ್ಟ್ರೀಯ ಶಿಕ್ಷಣ ನೀತಿ (ಎನ್‌ಇಪಿ) ಬಂದಾಗ ವಿಷಯಗಳ ಜೋಡಿ ಬದಲಾಯಿತು, 2024ರಲ್ಲಿ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಬಂದಾಗ ಇನ್ನೊಂದು ಸಲ ಬದಲಾಯಿತು. ಪ್ರತಿ ಸಲವೂ ನಮ್ಮಂಥ ಸಣ್ಣ ವಿಭಾಗದವರು ಜೂನ್‌ನಲ್ಲಿ ಅಡ್ಮಿಷನ್ ಕೌಂಟರ್ ಪಕ್ಕ ನಿಂತು "ಪತ್ರಿಕೋದ್ಯಮ ತಗೊಳ್ಳಮ್ಮ, ಒಳ್ಳೇ ಸ್ಕೋಪ್ ಇದೆ" ಅಂತ ಮಕ್ಕಳನ್ನು ಕರೆಯಬೇಕು. ನಾನೂ ನಿಂತಿದ್ದೇನೆ, ಈಗಲೂ ನಿಲ್ತೇನೆ. ಜಾಹೀರಾತು ಟಾರ್ಗೆಟ್ ತಪ್ಪಿತು ಅಂತ ಓಡಿಬಂದವನಿಗೆ ಇಲ್ಲಿ ಅಡ್ಮಿಷನ್ ಟಾರ್ಗೆಟ್ ಕಾಯ್ತಾ ಇತ್ತು.

ಕನ್ನಡಕ್ಕೆ ಆ ಕಷ್ಟ ಇಲ್ಲ. ಬಿಎ, ಬಿಕಾಂ, ಬಿಎಸ್ಸಿ, ಬಿಸಿಎ ಎಲ್ಲ ಕಡೆ ಭಾಷಾ ಪಾಠ ಅಂತ ಇರುತ್ತದೆ. ಹುದ್ದೆ ಕರೆದಾಗಲೂ ಕನ್ನಡದ್ದು ಹೆಚ್ಚಿರುತ್ತವೆ. ಹಾಗಂತ ಸಲೀಸು ಅಂದುಕೊಳ್ಳಬೇಡಿ, ಕನ್ನಡ ಎಂಎ ಮಾಡಿ ಕಾಯುತ್ತಿರುವವರ ಸಾಲೂ ಅಷ್ಟೇ ಉದ್ದ ಇದೆ. ಆದರೆ ಇಂಗ್ಲಿಷ್ ಅಷ್ಟಕ್ಕಷ್ಟೆ ಅಂದಿರಲ್ಲ, ಆ ಭಯ ಇಲ್ಲಿ ಮುಕ್ಕಾಲು ಪಾಲು ಕರಗುತ್ತದೆ. ಕನ್ನಡ ವಿಷಯದ ಪ್ರಶ್ನೆಪತ್ರಿಕೆ ಕನ್ನಡದಲ್ಲೇ ಇರುತ್ತದೆ. ಕೆ-ಸೆಟ್‌ನಲ್ಲಿ ಎಲ್ಲರಿಗೂ ಇರುವ ಮೊದಲ ಪತ್ರಿಕೆಯೂ ಕನ್ನಡದಲ್ಲಿ ಸಿಗುತ್ತದೆ. ನೆಟ್‌ನಲ್ಲಾದರೆ ಮೊದಲ ಪತ್ರಿಕೆ ಇಂಗ್ಲಿಷ್, ಹಿಂದಿ ಮಾತ್ರ.

ಪರೀಕ್ಷೆ ಬಗ್ಗೆ ಎರಡು ಮಾತು. ಮೊದಲ ಪತ್ರಿಕೆ 50 ಪ್ರಶ್ನೆ, ಎರಡನೆಯದು 100, ತಲಾ ಎರಡು ಅಂಕ, ಒಟ್ಟು ಮೂರು ಗಂಟೆ. ತಪ್ಪು ಬರೆದರೆ ಅಂಕ ಕಳೆಯುವುದಿಲ್ಲ. ನೆಟ್ ಸಾಮಾನ್ಯವಾಗಿ ವರ್ಷಕ್ಕೆ ಎರಡು ಸಲ. ಕೆ-ಸೆಟ್ಟನ್ನು ಮೊದಲು ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿತ್ತು, ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸುತ್ತದೆ, ಅದರ ಅರ್ಹತೆ ಕರ್ನಾಟಕದೊಳಗೆ ಮಾತ್ರ ನಡೆಯುತ್ತದೆ, ನಿಮಗೆ ಅಷ್ಟು ಸಾಕು. ಸಂಶೋಧನೆಗೆ ಕೊಡುವ ಜೂನಿಯರ್ ಫೆಲೋಶಿಪ್ಪಿಗೆ ವಯಸ್ಸಿನ ಮಿತಿ ಇದೆ, ಉಪನ್ಯಾಸಕ ಅರ್ಹತೆಗೆ ಇಲ್ಲ. "39ಕ್ಕೆ ನೆಟ್ ಬರೆಯೋಕೆ ಬರಲ್ಲ" ಅಂತ ಯಾರಾದರೂ ಹೇಳಿದರೆ ಅವರು ಫೆಲೋಶಿಪ್ ಜೊತೆ ಗೊಂದಲ ಮಾಡಿಕೊಂಡಿದ್ದಾರೆ. ಆದರೆ ಹಾಜರಾದವರಲ್ಲಿ ಶೇಕಡಾ ಆರರಷ್ಟು ಜನರಿಗೆ ಮಾತ್ರ ಉಪನ್ಯಾಸಕ ಅರ್ಹತೆ ಕೊಡುತ್ತಾರೆ. 40 ಪರ್ಸೆಂಟ್ ಬಂದರೆ ಪಾಸ್ ಅನ್ನುವ ಲೆಕ್ಕ ಅಲ್ಲ. ನಾನು ಎರಡು ಸಲ ಬಿದ್ದದ್ದು ಎಲ್ಲಿ ಗೊತ್ತಾ? ಪತ್ರಿಕೋದ್ಯಮದ ಪತ್ರಿಕೆಯಲ್ಲೇ. ಹದಿಮೂರು ವರ್ಷದ ವರದಿಗಾರ ಅಂತ ಓದದೆ ಹೋಗಿದ್ದೆ, ಅಲ್ಲಿ ಕೇಳಿದ್ದು ಸಂವಹನದ ಮಾದರಿಗಳು, ಸಂಶೋಧನಾ ವಿಧಾನ, ಆಯೋಗಗಳ ವರದಿ. ಎಫ್‌ಐಆರ್ ಓದೋಕೆ ಬರುತ್ತಾ ಅಂತ ಯಾರೂ ಕೇಳಲಿಲ್ಲ.

ವಯಸ್ಸಿನ ನಿಜವಾದ ತೊಂದರೆ ಬೇರೆ ಕಡೆ ಇದೆ. ಸರ್ಕಾರಿ ಸಹಾಯಕ ಪ್ರಾಧ್ಯಾಪಕರ ಹುದ್ದೆಗೆ ಅಧಿಸೂಚನೆಯಲ್ಲೇ ವಯೋಮಿತಿ ಹಾಕಿರುತ್ತಾರೆ, ಸಾಮಾನ್ಯ ವರ್ಗಕ್ಕೆ 40ರ ಆಸುಪಾಸು, ಮೀಸಲಾತಿ ಇದ್ದರೆ ಸ್ವಲ್ಪ ಸಡಿಲ. 2021ರಲ್ಲಿ 1,242 ಹುದ್ದೆ ಕರೆದಿದ್ದರು. ಇಂಥದ್ದು ವರ್ಷಕ್ಕೊಂದು ಸಲ ಬರುವ ಜಾತ್ರೆ ಅಲ್ಲ, ಎಷ್ಟೋ ವರ್ಷಕ್ಕೊಮ್ಮೆ. ಅಲ್ಲಿ ಸೇರಿದರೆ ಮೂಲವೇತನ 57,700ರಿಂದ ಶುರು, ಅದಕ್ಕೇ ಅಷ್ಟು ನೂಕುನುಗ್ಗಲು. ನೀವು ಆ ಬಸ್ಸನ್ನು ಹಿಡಿಯಬಹುದು, ಹಿಡಿಯದೇ ಹೋಗಲೂಬಹುದು. ಹಿಡಿದೇ ಹಿಡಿಯುತ್ತೇನೆ ಅಂತ ಮನೆಯವರಿಗೆ ಮಾತು ಕೊಡಬೇಡಿ. ಪಿಎಚ್‌ಡಿ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ವಿಶ್ವವಿದ್ಯಾಲಯಗಳಿಗೆ ಅದನ್ನು ಕಡ್ಡಾಯ ಮಾಡಲು ಹೊರಟಿದ್ದರು, ಮುಂದೂಡಿ ಮುಂದೂಡಿ 2023ರ ಜುಲೈನಲ್ಲಿ ಅದನ್ನೂ ಬಿಟ್ಟರು.

"ಇಲ್ಲ ಸರ್, ನನಗೆ ಪತ್ರಿಕೋದ್ಯಮವೇ ಬೇಕು" ಅಂದರೆ ಇನ್ನೊಂದು ಎಂಎ ಮಾಡಬೇಕು. ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ದೂರ ಶಿಕ್ಷಣದ ಮೂಲಕ ಮಾಡಬಹುದು, ಎರಡು ವರ್ಷ. ನಡುವೆ ಕೆಲವು ವರ್ಷ ಅದರ ಮಾನ್ಯತೆ ತೂಗಾಡಿ 2018ರಲ್ಲಿ ಮತ್ತೆ ಸಿಕ್ಕಿತು. ಆ ನಡುವಿನ ವರ್ಷಗಳಲ್ಲಿ ಓದಿದವರು ಪಟ್ಟ ಪಾಡು ನೋಡಿದ್ದೇನೆ. ಯಾವ ವಿಶ್ವವಿದ್ಯಾಲಯವೇ ಆಗಲಿ, ಸೇರುವ ವರ್ಷಕ್ಕೆ, ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯಾ ಅಂತ ಯುಜಿಸಿಯ ವೆಬ್‌ಸೈಟಿನಲ್ಲೇ ನೋಡಿಕೊಂಡು ದುಡ್ಡು ಕಟ್ಟಿ. ಮಾನ್ಯತೆ ಇದ್ದರೆ ಆ ಪದವಿ ರೆಗ್ಯುಲರ್ ಪದವಿಗೆ ಸಮ. ಆದರೆ ಎಂಎ ಎರಡು ವರ್ಷ, ಆಮೇಲೆ ಕೆ-ಸೆಟ್, ಅಷ್ಟು ಹೊತ್ತಿಗೆ ನಿಮಗೆ 42 ದಾಟಿರುತ್ತದೆ. ನನ್ನನ್ನು ಕೇಳಿದರೆ ಮೊದಲು ಕನ್ನಡದಲ್ಲಿ ಕೆ-ಸೆಟ್ ಬರೆಯಿರಿ. ಪತ್ರಿಕೋದ್ಯಮ ಎಂಎ ಬೇಕಾದರೆ ಪಕ್ಕದಲ್ಲಿ ನಡೆಯಲಿ. ಕನ್ನಡ ಮೇಷ್ಟ್ರಾಗಿ ಒಳಗೆ ಹೋದರೆ ಕಾಲೇಜಿನ ಪತ್ರಿಕೆ, ಭಿತ್ತಿಪತ್ರಿಕೆ, ವರದಿಗಾರಿಕೆ ಕಾರ್ಯಾಗಾರ ಎಲ್ಲ ತಾನಾಗಿಯೇ ನಿಮ್ಮ ತಲೆಗೆ ಬರುತ್ತದೆ, ಆ ಚಿಂತೆ ಬೇಡ.

ಇಷ್ಟು ಕಾಗದದ ಮಾತಾಯಿತು. ಮೂರನೇ ಪ್ರಶ್ನೆಗೆ ಬರೋಣ, ನನಗೆ ಹೆಚ್ಚು ಹೇಳಬೇಕು ಅನಿಸಿದ್ದು ಅದರ ಬಗ್ಗೆಯೇ.

ನನ್ನ ಮೊದಲ ಕ್ಲಾಸು. ಮೂವತ್ತು ಮಕ್ಕಳು. ನಾನು ಪೂರ್ತಿ ನಲವತ್ತು ನಿಮಿಷ ನನ್ನ ಸಾಹಸ ಹೇಳಿದೆ. ಮಳೆಯಲ್ಲಿ ಬೈಕ್ ಮೇಲೆ ಅಪಘಾತದ ಜಾಗಕ್ಕೆ ಹೋದದ್ದು, ಬಸ್ ತಪ್ಪಿ ಲಾರಿ ಹತ್ತಿ ಚಿತ್ರದುರ್ಗಕ್ಕೆ ಸುದ್ದಿ ಮುಟ್ಟಿಸಿದ್ದು, ದೊಡ್ಡ ಉಳ್ಳಾರ್ತಿ ಕಾವಲಿನ ಜಮೀನಿನ ಗಲಾಟೆ ಬರೆದದ್ದು. ಮಕ್ಕಳು ಕಣ್ಣರಳಿಸಿ ಕೇಳಿದರು. ಗೆದ್ದೆ ಅಂದುಕೊಂಡೆ. ಗಂಟೆ ಹೊಡೆಯುವ ಹೊತ್ತಿಗೆ ಎರಡನೇ ಬೆಂಚಿನ ಹುಡುಗಿ ಎದ್ದು, ಪೆನ್ನಿನ ಕ್ಯಾಪ್ ತೆಗೆದು ಹಿಡಿದುಕೊಂಡು, ಪಾಪ ಬಹಳ ಮರ್ಯಾದೆಯಿಂದ ಕೇಳಿದಳು, "ಸರ್, ಇದರಲ್ಲಿ ನಾವು ಏನ್ ಬರ್ಕೋಬೇಕು?"

ಏನೂ ಇರಲಿಲ್ಲ. ಅವಳ ನೋಟ್‌ಬುಕ್ಕಿನಲ್ಲಿ ತಾರೀಕು ಮಾತ್ರ ಇತ್ತು.

ನಮಗೆ ಕೈಗೆ ಹತ್ತಿದ ಕೆಲಸ ಬಾಯಿಗೆ ಬರುವುದಿಲ್ಲ, ಅದೇ ಸಮಸ್ಯೆ. ಸುದ್ದಿಯ ಮೊದಲ ಸಾಲು ಯಾವುದು ಅಂತ ನಿಮಗೆ ಗಾಡಿ ಸ್ಟ್ಯಾಂಡ್ ಹಾಕುವಷ್ಟರಲ್ಲಿ ಹೊಳೆದಿರುತ್ತದೆ. ಯಾಕೆ ಅದೇ ಮೊದಲ ಸಾಲು, ಬೇರೆ ಯಾಕಲ್ಲ ಅಂತ ಇಪ್ಪತ್ತು ವರ್ಷದ ಹುಡುಗನಿಗೆ ಬಿಡಿಸಿ ಹೇಳಿ ನೋಡೋಣ? ನನಗೆ ಎರಡು ವರ್ಷ ಬೇಕಾಯಿತು. ಆಮೇಲೆ ಕಥೆ ಹೇಳೋದು ನಿಲ್ಲಿಸಿ ಪ್ರೆಸ್ ನೋಟ್ ತಗೊಂಡು ಹೋಗೋಕೆ ಶುರು ಮಾಡಿದೆ. ತಾಲ್ಲೂಕು ಕಚೇರಿಯ ಎರಡು ಪುಟದ ಪ್ರಕಟಣೆ, ಅದರ ಕೊನೆಯ ಸಾಲಿನಲ್ಲಿ "ಎರಡು ದಿನ ಕುಡಿಯುವ ನೀರು ಬರುವುದಿಲ್ಲ" ಅಂತ ಅಡಗಿ ಕೂತಿರುತ್ತದೆ. ಅದನ್ನು ಹುಡುಕಿ ಮೇಲೆ ತಂದು ಮೂರು ಸಾಲು ಬರೆಯಿರಿ ಅಂತ ಕೊಡೋದು. ಹುಡುಕಿದ ಮಗು ಪಕ್ಕದವನಿಗೆ ಯಾಕೆ ಅಂತ ಹೇಳಬೇಕು. ಪಠ್ಯದಲ್ಲಿ ತಲೆಕೆಳಗಾದ ಪಿರಮಿಡ್ ಅಂತ ಚಿತ್ರ ಬರೆದು ಕಲಿಸೋದು ಇದನ್ನೇ, ಆದರೆ ನೀರಿನ ಸಾಲು ಕಂಡವರು ಆ ಚಿತ್ರವನ್ನು ಮರೆಯಲ್ಲ.

ಇನ್ನೊಂದು ಘಟನೆ ಹೇಳ್ತೀನಿ, ಇದನ್ನು ಬರೆಯಲೋ ಬೇಡವೋ ಅಂತ ಯೋಚಿಸಿದೆ. ಒಂದು ವರ್ಷ ಮಕ್ಕಳಿಗೆ ಮಾರುಕಟ್ಟೆಗೆ ಹೋಗಿ ಶೇಂಗಾ ವರದಿ ಮಾಡಿಕೊಂಡು ಬನ್ನಿ ಅಂತ ಹೇಳಿದೆ. ಚಳ್ಳಕೆರೆ ಅಂದರೆ ಎಣ್ಣೆ ಮಿಲ್ಲುಗಳ ಊರು, ನಾನು ಹದಿಮೂರು ವರ್ಷ ತುಳಿದ ಮಂಡಿ, ಅಲ್ಲಿನ ಒಂದೊಂದು ಅಂಗಡಿಯೂ ಗೊತ್ತು. 28 ಜನರಲ್ಲಿ ಹೋದವರು ಹನ್ನೊಂದು. ಅದರಲ್ಲಿ ಒಂಬತ್ತು ಜನರ ವರದಿ ಒಂದೇ ಥರ, ಯಾರೋ ಒಬ್ಬ ಬರೆದದ್ದನ್ನು ಉಳಿದವರು ನಕಲು ಹೊಡೆದಿದ್ದರು, ಕಾಗುಣಿತದ ತಪ್ಪಿನ ಸಮೇತ. ಆದರೆ ಒಬ್ಬಳು ಹುಡುಗಿ, ಅವರ ಅಪ್ಪ ಶೇಂಗಾ ಬೆಳೆಯುವವರು, ಅವಳು ರೇಟನ್ನೇ ಬರೆದಿರಲಿಲ್ಲ. ತೂಕ ಮಾಡುವಾಗ ಚೀಲಕ್ಕೆ ಇಷ್ಟು ಅಂತ ಹೇಗೆ ಮುರಿದುಕೊಳ್ಳುತ್ತಾರೆ, ಅದಕ್ಕೆ ಕಸ, ತೇವ ಅಂತ ಏನೇನು ಕಾರಣ ಕೊಡುತ್ತಾರೆ, ವರ್ಷಕ್ಕೆ ಅವರ ಮನೆಗೆ ಅದರಿಂದ ಎಷ್ಟು ನಷ್ಟ ಅಂತ ಲೆಕ್ಕ ಹಾಕಿ ಬರೆದಿದ್ದಳು. ಒಂದೂವರೆ ಪುಟ.

ಓದಿ ಮುಗಿಸಿ ಸ್ಟಾಫ್ ರೂಮಿನಲ್ಲಿ ಸುಮ್ಮನೆ ಕೂತೆ. ಇದು ನನಗೆ ಗೊತ್ತಿರದ ಸುದ್ದಿಯೇನಲ್ಲ. ಗೊತ್ತಿತ್ತು, ಆದರೆ ಒಂದು ಸಲವೂ ಬರೆದಿರಲಿಲ್ಲ. ಯುಗಾದಿ, ದೀಪಾವಳಿ ಜಾಹೀರಾತು ಅದೇ ಮಂಡಿಯಿಂದ ಬರುತ್ತಿತ್ತಲ್ಲ. ಯಾರೂ ಬರೆಯಬೇಡ ಅಂತ ಹೇಳಿರಲಿಲ್ಲ. ಬರೆಯಬೇಕು ಅಂತ ನನಗೇ ಅನಿಸುತ್ತಿರಲಿಲ್ಲ, ಅಷ್ಟೆ. ಅವಳಿಗೆ ಹತ್ತಕ್ಕೆ ಒಂಬತ್ತು ಕೊಟ್ಟೆ. ಎದುರಿನ ಪಕ್ಷದವರ ಮಾತು, ಅಂದರೆ ವ್ಯಾಪಾರಿಗಳ ಮಾತು ಕೇಳಿರಲಿಲ್ಲ ಅಂತ ಒಂದು ಅಂಕ ಕಳೆದೆ. ಆ ಒಂದು ಅಂಕ ಕಳೆಯುವಾಗ ಕೈ ನಡುಗಿತು ಅಂದರೆ ನೀವು ನಂಬಬೇಕು.

ಇದನ್ನು ಹೇಳಿದ್ದು ಯಾಕಂದರೆ, ಕಾಲೇಜಿಗೆ ಬಂದ ಮೇಲೆ ನಿಮಗೂ ಇಂಥ ಒಂದು ದಿನ ಬರುತ್ತದೆ. ನಾವು ಯಾವ ಸುದ್ದಿಯನ್ನು ಬಿಟ್ಟೆವು ಅನ್ನೋದನ್ನು ಮಕ್ಕಳು ಎತ್ತಿಕೊಂಡು ಬಂದು ಮೇಜಿನ ಮೇಲೆ ಇಡುತ್ತಾರೆ. ಅದನ್ನು ತಡೆದುಕೊಳ್ಳುವವರು ಒಳ್ಳೇ ಮೇಷ್ಟ್ರಾಗುತ್ತಾರೆ. ತಡೆದುಕೊಳ್ಳದವರು "ನಮ್ಮ ಕಾಲದಲ್ಲಿ" ಅಂತ ಶುರು ಮಾಡುತ್ತಾರೆ.

ಕಳೆದುಕೊಳ್ಳುವುದೂ ಇದೆ, ಅದನ್ನು ಯಾರೂ ಮುಂಚೆ ಹೇಳಲ್ಲ. ಈಗ ನಿಮ್ಮ ಊರಿನಲ್ಲಿ ಪೊಲೀಸ್ ಸ್ಟೇಷನ್‌ಗೆ ಹೋದರೆ ಕುರ್ಚಿ ಎಳೆದು ಕೊಡುತ್ತಾರೆ. ತಹಶೀಲ್ದಾರರು ಫೋನ್ ಎತ್ತುತ್ತಾರೆ. ಮದುವೆ ಮನೆಯಲ್ಲಿ "ಪತ್ರಿಕೆಯವರು ಬಂದರು" ಅಂತ ಮುಂದಿನ ಸಾಲಿಗೆ ಕರೆಯುತ್ತಾರೆ. ಪತ್ರಿಕೆ ಬಿಟ್ಟ ಮೂರನೇ ತಿಂಗಳಿಗೆ ಇದೆಲ್ಲ ನಿಲ್ಲುತ್ತದೆ. ನನ್ನ ಹೆಂಡತಿಯ ರೇಷನ್ ಕಾರ್ಡ್ ತಿದ್ದುಪಡಿಗೆ ನಾನು ನಾಲ್ಕು ಸಲ ಸಾಲಿನಲ್ಲಿ ನಿಂತೆ, ಆಗ ಗೊತ್ತಾಯಿತು ಊರಿನವರೆಲ್ಲ ಹೀಗೇ ನಿಲ್ಲುತ್ತಿದ್ದರು ಅಂತ. 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ, ಅದೇ ಮಾರಿಕಣಿವೆ ಅಣೆಕಟ್ಟು, ಕೋಡಿ ಬಿತ್ತು, 1933ರ ನಂತರ ಅದೇ ಮೊದಲು. ನಮ್ಮ ಜಿಲ್ಲೆಯ ವರದಿಗಾರನಿಗೆ ಜೀವಮಾನಕ್ಕೊಂದು ಸಿಗುವ ಸುದ್ದಿ. ನಾನು ಆ ಹೊತ್ತಿಗೆ ಇಂಟರ್ನಲ್ಸ್ ಅಂಕ ಕಂಪ್ಯೂಟರಿಗೆ ಏರಿಸುತ್ತಾ ಕೂತಿದ್ದೆ. ಮಾರನೇ ದಿನ ಪತ್ರಿಕೆ ಬಿಡಿಸಿದರೆ ಬೇರೆಯವರ ಹೆಸರು. ಚೆನ್ನಾಗಿಯೇ ಬರೆದಿದ್ದರು, ಅದೇ ಇನ್ನೂ ಬೇಜಾರು. ಭಾನುವಾರ ಮಕ್ಕಳನ್ನು ಕರೆದುಕೊಂಡು ಮಾರಿಕಣಿವೆಗೆ ಹೋದೆ. ಎಲ್ಲರೂ 89 ವರ್ಷ, 89 ವರ್ಷ ಅಂತಲೇ ಬರೆದುಕೊಂಡು ಬಂದರು. ತಿದ್ದುತ್ತಾ ತಿದ್ದುತ್ತಾ ಆ ತುರಿಕೆ ಸ್ವಲ್ಪ ಕಡಿಮೆಯಾಯಿತು. ಪೂರ್ತಿ ಹೋಗಿಲ್ಲ.

ಕೆಲಸ ಕಡಿಮೆ ಅನ್ನೋದೂ ಸುಳ್ಳು. ಕಾಯಂ ಆದವರಿಗೆ ವಾರಕ್ಕೆ 16 ಗಂಟೆ ಪಾಠ, ಅಷ್ಟೇನಾ ಅನ್ನಿಸಬಹುದು. ಉಳಿದ ಹೊತ್ತು ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನ ಫೈಲು, ಎನ್‌ಎಸ್‌ಎಸ್ ಶಿಬಿರ, ಪರೀಕ್ಷೆ ಡ್ಯೂಟಿ, ಸ್ಕಾಲರ್‌ಶಿಪ್ ಅರ್ಜಿ. ಅತಿಥಿಗಳಾದರೆ ಇವೆಲ್ಲದರ ಜೊತೆಗೆ ರಜೆಯ ತಿಂಗಳಲ್ಲಿ ಕೈ ಖಾಲಿ, ಉಳಿದ ತಿಂಗಳು ಗೌರವಧನ ತಡ. ಮಕ್ಕಳ ಸ್ಕೂಲ್ ಫೀಸು ಸರಿಯಾಗಿ ಆ ರಜೆಯಲ್ಲೇ ಬರುತ್ತದೆ, ನಿಮ್ಮ ಮನೆಯವರ ಹೊಲಿಗೆ ದುಡ್ಡಿನ ಮೇಲೆ ಎರಡು ತಿಂಗಳು ದಾಟೋಕೆ ಆಗುತ್ತಾ ಅಂತ ಅವರನ್ನೇ ಕೂರಿಸಿಕೊಂಡು ಕೇಳಿ.

ಕಾಲೇಜಿಗೆ ಸೇರಿಕೊಂಡು ವರದಿಗಾರನ ಕೆಲಸವನ್ನೂ ಇಟ್ಟುಕೊಳ್ಳಬಹುದಾ? ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿ ಇರುತ್ತದೆ. ಕಾಯಂ ಆದರೆ ಅನುಮತಿ ಇಲ್ಲದೆ ಆಗಲ್ಲ. ಅತಿಥಿಯಾಗಿದ್ದಾಗ ಕೆಲವರು ಮಾಡುತ್ತಾರೆ, ನಾನೂ ಒಂದು ವರ್ಷ ಮಾಡಿದೆ. ಒಂದು ದಿನ ನಮ್ಮ ಕಾಲೇಜಿನ ಹಾಸ್ಟೆಲ್ ಊಟದ ಬಗ್ಗೆ ಮಕ್ಕಳು ನನ್ನ ಹತ್ತಿರವೇ ದೂರು ತಂದರು. ಮೇಷ್ಟ್ರಾಗಿ ಕೇಳಲೋ, ವರದಿಗಾರನಾಗಿ ಕೇಳಲೋ? ಎರಡೂ ಆಗಲಿಲ್ಲ, ಆ ಸುದ್ದಿಯನ್ನು ಇನ್ನೊಂದು ಪತ್ರಿಕೆಯವರು ಮಾಡಿದರು. ಆ ವಾರವೇ ನಾನು ಪತ್ರಿಕೆಗೆ ಆ ಫೋನ್ ಮಾಡಿದ್ದು.

ಹಾಗಾದರೆ ಈಗ ಏನು ಮಾಡೋದು? ಪ್ರಿನ್ಸಿಪಾಲರ ಹತ್ತಿರ ಹೋಗಿ, ಕೆಲಸ ಕೇಳಬೇಡಿ, ಒಂದು ಗಂಟೆ ಕೇಳಿ. ಸಂಪನ್ಮೂಲ ವ್ಯಕ್ತಿ ಅಂತ ಒಂದು ಉಪನ್ಯಾಸಕ್ಕೆ ಕರೆಯೋದು ಅವರ ಕೈಯಲ್ಲೇ ಇದೆ. ಮೂರು ಪ್ರೆಸ್ ನೋಟ್ ಜೆರಾಕ್ಸ್ ಮಾಡಿಸಿಕೊಂಡು ಹೋಗಿ. ನಿಮ್ಮ ಹದಿನಾರು ವರ್ಷದ ಒಂದು ಕಥೆಯನ್ನೂ ಹೇಳಬಾರದು, ಇದು ಷರತ್ತು. ಬರೆಸಿ. ಆ ನಲವತ್ತು ಹಾಳೆಗಳನ್ನು ಮನೆಗೆ ತಂದು ಅದೇ ರಾತ್ರಿ ಕೂತು ತಿದ್ದಿ, ಪ್ರತಿ ಹಾಳೆಯಲ್ಲೂ ಯಾಕೆ ತಪ್ಪು ಅಂತ ಒಂದು ಸಾಲು ಬರೆಯಬೇಕು. ಹತ್ತನೇ ಹಾಳೆಗೆ ಎಲ್ಲರಿಗೂ ಬೇಜಾರಾಗುತ್ತದೆ. ಇಪ್ಪತ್ತೈದರ ಹೊತ್ತಿಗೆ ಇನ್ನೂ ಯಾರ ಹಾಳೆಯಲ್ಲಾದರೂ ನೀರಿನ ಸಾಲು ಮೇಲೆ ಬಂದಿದೆಯಾ ಅಂತ ಹುಡುಕುತ್ತಿದ್ದರೆ ನಿಮಗೆ ಈ ಕೆಲಸ ಆಗುತ್ತದೆ. ಹಾಳೆಗಳನ್ನು ಪಕ್ಕಕ್ಕಿಟ್ಟು ಫೋನ್ ತೆಗೆದು ಸ್ಟೇಷನ್‌ನಲ್ಲಿ ಏನಾದರೂ ಸುದ್ದಿ ಇದೆಯಾ ಅಂತ ಕೇಳಿದರೆ, ನೀವು ವರದಿಗಾರರೇ. ಆಗ ಜಾಹೀರಾತಿನ ಗಲಾಟೆ ಇಲ್ಲದೆ ಬರೆಯೋದು ಹೇಗೆ ಅಂತ ಬೇರೆ ಮಾತಾಡೋಣ.

ಮತ್ತೆ, ಎಂಎ ಅಂಕಪಟ್ಟಿ ಎಲ್ಲಿದೆ ನೋಡಿಕೊಳ್ಳಿ. ಘಟಿಕೋತ್ಸವದ ಪ್ರಮಾಣಪತ್ರ ತಂದಿರದಿದ್ದರೆ ವಿಶ್ವವಿದ್ಯಾಲಯಕ್ಕೆ ಅರ್ಜಿ ಹಾಕಿ, ಜಾತಿ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ದರೆ ಹೊಸದು ಮಾಡಿಸಿ. ಕೆ-ಸೆಟ್ ಅರ್ಜಿ ಕರೆದ ಮೇಲೆ ನಾಡಕಚೇರಿಗೆ ಓಡಿದರೆ ಸರ್ವರ್ ಇರಲ್ಲ. ಅದರ ಬಗ್ಗೆ ನೀವೇ ನಾಲ್ಕು ಸಲ ಸುದ್ದಿ ಬರೆದಿರ್ತೀರಿ.